ಊರು ಬಿಟ್ಟವರ ಭಾನುವಾರ: ಚರ್ಚು ಆರಿಸಲು ಹೆಸರಿಲ್ಲದ ಚೀಟಿ

ಹನೂರು ಭಾಗದ ಅಜ್ಜೀಪುರ, ರಾಮಾಪುರ, ಮಾರ್ಟಳ್ಳಿ ಕಡೆಯ ಹುಡುಗನಿಗೋ ಹುಡುಗಿಗೋ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು ಎಂದರೆ ಮನೆಯವರ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಸಂಬಳ ಎಷ್ಟು, ರೂಮು ಎಲ್ಲಿ, ಜೊತೆಗೆ ಯಾರಿದ್ದಾರೆ, ನೀರು ಬರುತ್ತದಾ? ಕ್ರೈಸ್ತರ ಮನೆಯಾದರೆ ಕೊನೆಗೆ ಇನ್ನೊಂದು ಸೇರುತ್ತದೆ: ಭಾನುವಾರ ಪೂಜೆಗೆ ಎಲ್ಲಿಗೆ ಹೋಗ್ತೀಯ? ಮೊದಲಿನವಕ್ಕೆಲ್ಲ ಉತ್ತರ ಹೇಳಲು ಆಗಲೇ ಅಲ್ಲಿಗೆ ಹೋಗಿ ನೆಲೆಸಿದ ಊರಿನವರೇ ಸಿಗುತ್ತಾರೆ. ಕೊನೆಯದಕ್ಕೆ ಮಾತ್ರ "ಹತ್ರದಲ್ಲೇ ಯಾವ್ದೋ ಒಂದು ಅದ ಕನಾ" ಎಂಬಲ್ಲಿಗೆ ಮಾತು ನಿಲ್ಲುತ್ತದೆ.

ಬಾಡಿಗೆ ಮನೆ ಹಿಡಿಯುವ ಮುಂಚೆ ಮಾಲೀಕನ ಬಾಯಿ ಹೇಗೆ, ಅಡ್ವಾನ್ಸ್ ವಾಪಸ್ ಕೊಡುತ್ತಾನಾ ಎಂದೆಲ್ಲ ಅಕ್ಕಪಕ್ಕದವರನ್ನು ಕೇಳುವ ನಾವು ಚರ್ಚಿನ ವಿಷಯಕ್ಕೆ ಬಂದಾಗ ತುಟಿ ಬಿಗಿಯುತ್ತೇವೆ. ದೇವರ ಮನೆಯ ಬಗ್ಗೆ ವಿಚಾರಣೆ ಮಾಡುವುದು ಪಾಪವೇನೋ ಎಂಬ ಅಳುಕು. ಆದರೆ ಕಾಣಿಕೆಯ ಲೆಕ್ಕ, ಮೈಕಿನ ಸದ್ದು, ಹೊಸಬರನ್ನು ಮಾತಾಡಿಸುವ ರೀತಿ, ಮಕ್ಕಳ ತರಗತಿಯ ಬಾಗಿಲು ತೆರೆದಿರುತ್ತದೋ ಮುಚ್ಚಿರುತ್ತದೋ, ಇವೆಲ್ಲ ಮನುಷ್ಯರು ನಡೆಸುವ ಕೆಲಸ. ಮನುಷ್ಯರು ನಡೆಸುವುದನ್ನು ವಿಚಾರಿಸಲೇಬೇಕು. ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಎರಡು ಮತ್ತು ಮೂರನೆಯ ಅಧ್ಯಾಯಗಳನ್ನು ಒಮ್ಮೆ ತೆರೆದು ನೋಡಿ. ಎಫೆಸದಿಂದ ಲವೊದಿಕೀಯದವರೆಗೆ ಏಳು ಸಭೆಗಳಿಗೆ ಒಂದೊಂದು ಪತ್ರವಿದೆ. ಕೆಲವುಗಳಲ್ಲಿ ಮೊದಲು ಮೆಚ್ಚುಗೆ, ಆಮೇಲೆ ತಕರಾರು. ಒಂದೆರಡು ಸಭೆಗಳಿಗೆ ಬರೀ ಮೆಚ್ಚುಗೆ, ಲವೊದಿಕೀಯಕ್ಕೆ ಬರೀ ಬೈಗುಳ. ಚರ್ಚಿನ ಕುರಿತು ನೇರವಾಗಿ ಅಭಿಪ್ರಾಯ ಬರೆಯುವುದು ನಿನ್ನೆ ಮೊನ್ನೆ ಹುಟ್ಟಿದ ಚಾಳಿಯೇನೂ ಅಲ್ಲ.

ಇಂಗ್ಲೆಂಡಿನಲ್ಲಿ 1977ರಲ್ಲಿ ಶುರುವಾದ 'ಶಿಪ್ ಆಫ್ ಫೂಲ್ಸ್' ಎಂಬ ಕ್ರೈಸ್ತ ಪತ್ರಿಕೆ ಮುಂದೆ ಇದನ್ನೇ ಒಂದು ಪದ್ಧತಿಯಾಗಿ ಬೆಳೆಸಿತು. ಹೆಸರು ಹೇಳದ ಒಬ್ಬರು ಯಾವುದೋ ಚರ್ಚಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು, ಯಾರಾದರೂ ಮಾತಾಡಿಸಿದರಾ, ಉಪದೇಶ ಎಷ್ಟು ನಿಮಿಷ, ಕೂತ ಬೆಂಚು ಹೇಗಿತ್ತು, ಕೊನೆಯಲ್ಲಿ ಕೊಟ್ಟ ಕಾಫಿ ಬಿಸಿಯಿತ್ತಾ ಎಂದು ಬರೆಯುತ್ತಾರೆ. ಬಂದು ಹೋದದ್ದರ ಗುರುತಿಗೆ ಕಾಣಿಕೆಯ ತಟ್ಟೆಯಲ್ಲಿ ಒಂದು ಕಾರ್ಡು ಹಾಕಿರುತ್ತಾರೆ. ಓದಲು ಮಜವಾಗಿರುತ್ತದೆ, ಕಾಫಿಯ ಬಿಸಿಯೂ ಮುಖ್ಯವೇ. ನಾವೂ ಹೀಗೆ ಹೆಸರಿಲ್ಲದ ಚೀಟಿ ಬರೆಯಬಹುದು, ನಮ್ಮ ಕಡೆಯವರಿಗೆ ಬೇಕಾದ ಪ್ರಶ್ನೆಗಳು ಮಾತ್ರ ಬೇರೆ.

ಮೊದಲು ಭಾಷೆ

ಹನೂರು ಭಾಗವೂ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ ಜಿಲ್ಲೆ, ಈಗ ಹನೂರೇ ಒಂದು ತಾಲ್ಲೂಕು. ಗಡಿ ಹೀಗೆ ಓಡಾಡಿದ ನೆಲದಲ್ಲಿ ಪ್ರಾರ್ಥನೆಯ ಭಾಷೆಯೂ ಒಂದೇ ಆಗಿ ಉಳಿಯಲಿಲ್ಲ. ಮಾರ್ಟಳ್ಳಿ ಕಡೆಯ ಕಥೋಲಿಕ ಮನೆಗಳಲ್ಲಿ ಮಾತು ತಮಿಳು, ಮಕ್ಕಳ ಓದು ಕನ್ನಡ, ಧರ್ಮಕೇಂದ್ರ (ಪ್ಯಾರಿಷ್) ಸೇರಿರುವುದು ಮೈಸೂರು ಧರ್ಮಕ್ಷೇತ್ರಕ್ಕೆ (ಡಯಾಸಿಸ್). ಇಂಥ ಮನೆಯ ಹುಡುಗಿ ಜಪಸರ ಹೇಳುವುದು ತಮಿಳಿನಲ್ಲಿ, ವಾಚನ ಓದಲು ನಿಂತರೆ ಓದುವುದು ಕನ್ನಡದಲ್ಲಿ. ಬೆಂಗಳೂರಿಗೆ ಹೋದಾಗ ಅವಳಿಗೆ ಯಾವ ಪೂಜೆ ಬೇಕು? ಅವಳೇ ಹೇಳಬೇಕು. ಊರಲ್ಲಿ ಕೂತು ಅಪ್ಪ ಅಮ್ಮ ತೀರ್ಮಾನಿಸುವ ಸಂಗತಿ ಇದಲ್ಲ.

ಬೆಂಗಳೂರಿನಲ್ಲಿ ಒಂದೇ ಕಟ್ಟಡದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಮೂರು ನಾಲ್ಕು ಭಾಷೆಯ ಪೂಜೆ ನಡೆಯುವುದುಂಟು. ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೂರೂ ಕೇಳಿಬರುತ್ತವೆ. ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಹೆಚ್ಚಾಗಿ ಕಟ್ಟಡಕ್ಕೊಂದು ಭಾಷೆ. ಕಾರ್ಪೊರೇಷನ್ ವೃತ್ತದ ಬಳಿ 1904ರಲ್ಲಿ ಕಟ್ಟಿದ ಹಡ್ಸನ್ ಚರ್ಚು ಕನ್ನಡದ್ದು, ಎಂ.ಜಿ. ರಸ್ತೆಯ ತುದಿಯ ಸೇಂಟ್ ಮಾರ್ಕ್ಸ್ ಕ್ಯಾಥೆಡ್ರಲ್ ಇಂಗ್ಲಿಷಿನದ್ದು. ಎರಡೂ ಒಂದೇ ಸಿಎಸ್ಐ, ನಡುವಿನ ದೂರ ಬಹಳವೇನಿಲ್ಲ. ಆದ್ದರಿಂದ "ಆ ಚರ್ಚು ಹೇಗೆ?" ಎಂದು ಕೇಳಿದರೆ ಸಾಲದು, "ಆ ಚರ್ಚಿನಲ್ಲಿ ಇಷ್ಟು ಹೊತ್ತಿನ ಪೂಜೆ ಹೇಗೆ?" ಎಂದು ಕೇಳಬೇಕು. ಏಳು ಗಂಟೆಯ ಕನ್ನಡ ಪೂಜೆಗೆ ಬರುವ ಜನ ಬೇರೆ, ಹತ್ತು ಗಂಟೆಯ ಇಂಗ್ಲಿಷ್ ಪೂಜೆಗೆ ಬರುವ ಜನ ಬೇರೆ. ಅಭಿಪ್ರಾಯ ಬರೆಯುವವರು ಹೊತ್ತು ಮತ್ತು ಭಾಷೆ ಬರೆಯದಿದ್ದರೆ ಆ ಚೀಟಿಯಿಂದ ಉಪಯೋಗವಿಲ್ಲ. ರಾಜಧಾನಿಯ ಚರ್ಚುಗಳಲ್ಲಿ ಭಾಷೆಯ ಜಗಳ ದಶಕಗಳಷ್ಟು ಹಳೆಯದು. ಒಂದು ಭಾಷೆಯವರು ಇನ್ನೊಂದು ಭಾಷೆಯ ಪೂಜೆಯ ಬಗ್ಗೆ ಹೇಳುವ ಮಾತನ್ನು ಸ್ವಲ್ಪ ಉಪ್ಪು ಖಾರ ಕಳೆದು ಕೇಳಿ.

ಕಥೋಲಿಕರಿಗೆ ಆಯ್ಕೆ ಇದೆಯೇ?

ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ಎರಡು ತಪ್ಪು ತಿಳಿವಳಿಕೆ ಓಡಾಡುತ್ತಿವೆ. ಒಂದು, ಮನೆ ಹತ್ತಿರದ ಚರ್ಚಿಗೇ ಹೋಗಬೇಕು, ಬೇರೆ ಕಡೆ ಹೋದರೆ ಪೂಜೆ ಲೆಕ್ಕಕ್ಕಿಲ್ಲ ಎಂಬುದು. ಇನ್ನೊಂದು, ಎಲ್ಲಿಗೆ ಬೇಕಾದರೂ ಹೋಗಬಹುದು, ಯಾವ ಧರ್ಮಕೇಂದ್ರವೂ ನಮ್ಮದಲ್ಲ ಎಂಬುದು. 1983ರ ಧರ್ಮಸಭೆಯ ಕಾನೂನು ಸಂಹಿತೆ ಎರಡನ್ನೂ ಒಪ್ಪುವುದಿಲ್ಲ. ಅದರ 1248ನೆಯ ನಿಯಮದ ಪ್ರಕಾರ ಭಾನುವಾರದ ಪೂಜೆಯನ್ನು ಯಾವ ಕಥೋಲಿಕ ದೇವಾಲಯದಲ್ಲಿ ಬೇಕಾದರೂ ಅರ್ಪಿಸಬಹುದು, ಹಿಂದಿನ ದಿನ ಸಂಜೆಯದ್ದೂ ಆಗುತ್ತದೆ. ಭಾನುವಾರ ಡ್ಯೂಟಿ ಇರುವ ನರ್ಸು, ಸೆಕ್ಯೂರಿಟಿ, ಹೋಟೆಲಿನವರು ಶನಿವಾರ ಸಂಜೆಯ ಪೂಜೆಗೆ ಹೋದರೆ ಮನಸ್ಸಿಗೆ ಕೊರಗು ಬೇಕಿಲ್ಲ.

ಧರ್ಮಕೇಂದ್ರ ಎಂಬುದು ಮಾತ್ರ ಸಾಮಾನ್ಯವಾಗಿ ಗಡಿ ಹಾಕಿದ ಪ್ರದೇಶ (ನಿಯಮ 518). ಭಾಷೆಯ ಆಧಾರದ ಮೇಲೂ ಧರ್ಮಕೇಂದ್ರ ಕಟ್ಟಬಹುದು ಎಂದು ಅದೇ ನಿಯಮ ಹೇಳುತ್ತದೆ, ಆದರೆ ಅಂಥವು ಕಡಿಮೆ. ಒಂದು ಕಡೆ ಮೂರು ತಿಂಗಳು ವಾಸವಿದ್ದರೆ ಅಥವಾ ಇರುವ ಉದ್ದೇಶದಿಂದ ಬಂದಿದ್ದರೆ ಅಲ್ಲಿನ ಧರ್ಮಕೇಂದ್ರ ನಿಮ್ಮದೂ ಆಗುತ್ತದೆ (ನಿಯಮ 102, 107). ಮದುವೆಗೆ ವಧು ಅಥವಾ ವರ ಒಂದು ತಿಂಗಳಿಂದ ವಾಸವಿರುವ ಧರ್ಮಕೇಂದ್ರವೂ ಆದೀತು (ನಿಯಮ 1115). ಹಾಗಾಗಿ ಮನಸ್ಸಿಗೆ ಒಗ್ಗುವ ಪೂಜೆಯನ್ನು ದೂರದಲ್ಲಿ ಹುಡುಕಿಕೊಂಡರೂ ಮನೆಯ ವ್ಯಾಪ್ತಿಯ ಧರ್ಮಕೇಂದ್ರದಲ್ಲಿ ಹೆಸರು ಬರೆಸಿ. ಮಗುವಿನ ಜ್ಞಾನಸ್ನಾನ, ಮದುವೆಗೆ ಬೇಕಾಗುವ ಪತ್ರ, ಮಣ್ಣು ಮಾಡಲು ಜಾಗ, ಈ ಮೂರಕ್ಕೂ ಮುಂದೆ ಅಲ್ಲಿಯ ಗುರುಗಳ ಸಹಿ ಬೇಕಾಗುತ್ತದೆ. ಊರಿನ ಗುರುಗಳಿಂದ ಜ್ಞಾನಸ್ನಾನದ ಪ್ರಮಾಣಪತ್ರದ ಹೊಸ ಪ್ರತಿ ತೆಗೆದುಕೊಂಡು ಬಸ್ಸು ಹತ್ತಿದರೆ ಆಮೇಲೆ ಅದಕ್ಕಾಗಿಯೇ ಹನೂರಿಗೆ ಓಡಿಬರುವುದು ತಪ್ಪುತ್ತದೆ.

ಕಾಣಿಕೆ ಹೋಗುವ ದಾರಿ

ಲೆಕ್ಕ ಕೇಳಿದರೆ ಭಕ್ತಿ ಕಡಿಮೆ ಎಂದು ಅರ್ಥವಲ್ಲ ಎಂಬುದನ್ನು ಹನೂರು ಭಾಗದವರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಜನ ತೀರಿಕೊಂಡರು. ಪೊಲೀಸರು ಹೇಳಿದ ಕಾರಣ, ಗುಡಿಯ ಟ್ರಸ್ಟಿನ ಹಿಡಿತ ಯಾರ ಕೈಯಲ್ಲಿರಬೇಕು ಎಂಬ ಜಗಳ. ಅದು ಗುಡಿ, ಇದು ಚರ್ಚು ಎಂದು ಬೇರೆ ಮಾಡಿ ನೋಡುವ ಸಂಗತಿ ಇದಲ್ಲ. ಜನ ಕೈಮುಗಿದು ಕೊಟ್ಟ ದುಡ್ಡು ಎಲ್ಲಿ ಸೇರುತ್ತದೋ ಅಲ್ಲಿ ಲೆಕ್ಕ ಬಯಲಿನಲ್ಲಿರಬೇಕು.

ಕಥೋಲಿಕ ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಇರಲೇಬೇಕು (ನಿಯಮ 537), ಭಕ್ತರು ಕೊಟ್ಟದ್ದಕ್ಕೆ ಭಕ್ತರಿಗೆ ಲೆಕ್ಕ ಹೇಳಬೇಕು (ನಿಯಮ 1287). ನೀವು ಹೋಗುವ ಚರ್ಚಿನಲ್ಲಿ ಆ ಸಮಿತಿಯವರು ಯಾರು ಎಂದು ಪಕ್ಕದಲ್ಲಿ ಕೂತವರನ್ನು ಕೇಳಿ ನೋಡಿ. ಹೆಸರು ಥಟ್ಟನೆ ಬಂದರೆ ಒಳ್ಳೆಯ ಲಕ್ಷಣ. ಸಿಎಸ್ಐ ಸಭೆಗಳಲ್ಲಿ ಸದಸ್ಯರೇ ಆರಿಸುವ ಪ್ಯಾಸ್ಟರೇಟ್ ಕಮಿಟಿ ಇರುತ್ತದೆ, ಅದರ ಚುನಾವಣೆ ಪಂಚಾಯಿತಿ ಚುನಾವಣೆಯಷ್ಟೇ ಬಿಸಿ ಏರುವುದೂ ಉಂಟು. ಬಿಸಿ ಇದ್ದರೆ ಇರಲಿ. ಜಗಳ ಎಲ್ಲರಿಗೂ ಕೇಳುವಂತೆ ನಡೆಯುವ ಕಡೆ ಲೆಕ್ಕವೂ ಎಲ್ಲರಿಗೂ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ.

ಮನೆಯ ಮೇಲಿನ ಶೀಟಿನ ಕೊಠಡಿಯಲ್ಲಿ, ಬಾಡಿಗೆ ಹಾಲಿನಲ್ಲಿ ನಡೆಯುವ ಸ್ವತಂತ್ರ ಪ್ರಾರ್ಥನಾ ಸಭೆಗಳದ್ದು ಬೇರೆ ಕಥೆ. ಅವುಗಳಲ್ಲಿ ಬಹಳಷ್ಟು ಬಡವರ ಪಾಲಿಗೆ ನಿಜವಾದ ಆಸರೆಯಾಗಿವೆ. ದೊಡ್ಡ ಚರ್ಚಿನಲ್ಲಿ ಯಾರ ಕಣ್ಣಿಗೂ ಬೀಳದ ಗಾರ್ಮೆಂಟ್ಸ್ ಹುಡುಗಿಯ ಹೆಸರು ಅಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ಜ್ವರ ಬಂದರೆ ಗಂಜಿ ತಂದುಕೊಡುವವರಿರುತ್ತಾರೆ. ಆದರೆ ಮೇಲೆ ಕೇಳುವವರು ಯಾರೂ ಇಲ್ಲದ ಕಡೆ ಕೆಳಗಿನವರೇ ಕೇಳಿಕೊಳ್ಳಬೇಕು. ಸಭೆ ಟ್ರಸ್ಟ್ ಆಗಿಯೋ ಸೊಸೈಟಿಯಾಗಿಯೋ ನೋಂದಣಿಯಾಗಿದೆಯೇ? ಕೊಳ್ಳುವ ನಿವೇಶನ ಯಾರ ಹೆಸರಿಗೆ? ಕಾಣಿಕೆಗೆಂದು ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಫೋನಿನಲ್ಲಿ ಮೂಡುವ ಹೆಸರು ಸಭೆಯದೋ, ಪಾಸ್ಟರದೋ, ಅವರ ಮಡದಿಯದೋ? ಈ ಕೊನೆಯದನ್ನು ಕಂಡುಹಿಡಿಯಲು ಯಾರನ್ನೂ ಕೇಳಬೇಕಿಲ್ಲ, ಅರ್ಧ ನಿಮಿಷ ಸಾಕು. ದಶಮಾಂಶ ಕೊಡುವುದು ಬಿಡುವುದು ನಿಮ್ಮ ಮನಸ್ಸು. ಯಾರು ಎಷ್ಟು ಕೊಟ್ಟರು ಎಂದು ಮೈಕಿನಲ್ಲಿ ಓದಿ, ಕೊಡದವರ ಕಷ್ಟಕ್ಕೆ ಕೊಡದಿರುವುದೇ ಕಾರಣ ಎನ್ನುವ ಸಭೆ ಮಾತ್ರ ನಿಮಗೆ ಬೇಡ.

ಮದುವೆ, ಮಣ್ಣು

ಪ್ರಾಯದ ಹುಡುಗರು ಹಾಡಿನ ಬ್ಯಾಂಡು ನೋಡಿ ಸಭೆ ಆರಿಸುತ್ತಾರೆ. ಮದುವೆಯ ವಿಷಯ ಆಗ ತಲೆಯಲ್ಲಿರುವುದಿಲ್ಲ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಯಾರು ಬೇಕಾದರೂ ಮದುವೆ ಮಾಡಿಸುವಂತಿಲ್ಲ. ಬಿಷಪರಿಂದ ಗುರುದೀಕ್ಷೆ ಪಡೆದವರಿಗೆ ಅಧಿಕಾರವಿದೆ. ಸ್ವತಂತ್ರ ಸಭೆಯ ಪಾಸ್ಟರಿಗೆ ಸರ್ಕಾರ ಕೊಟ್ಟ ಲೈಸೆನ್ಸ್ ಇರಬೇಕು. ಲೈಸೆನ್ಸ್ ಇಲ್ಲದವರು ಕಟ್ಟಿಸಿದ ಮದುವೆಯ ಕಾಗದ ಪಾಸ್‌ಪೋರ್ಟಿಗೋ ಪಿಂಚಣಿಗೋ ಹಾಕಿದ ದಿನ ಬಣ್ಣ ಬಯಲಾಗುತ್ತದೆ. ಸಭೆಗೆ ಸೇರುವ ಮುಂಚೆ "ಅಣ್ಣ, ನಿಮಗೆ ಮದುವೆ ಲೈಸೆನ್ಸ್ ಇದೆಯಾ?" ಎಂದು ಮರ್ಯಾದೆಯಿಂದ ಕೇಳಿ. ಇದ್ದವರು ತೋರಿಸುತ್ತಾರೆ.

ಸಾವು ಅದಕ್ಕಿಂತ ಅವಸರದ್ದು. ಊರಿನಲ್ಲಿ ಚರ್ಚಿಗೆ ಸೇರಿದ ಮಣ್ಣಿನ ಜಾಗ ಇರುತ್ತದೆ, ಯೋಚನೆಯೇ ಬರುವುದಿಲ್ಲ. ಬೆಂಗಳೂರಿನಲ್ಲಿ ಹೊಸೂರು ರಸ್ತೆಯದೋ ಕಲ್ಪಳ್ಳಿಯದೋ ಸ್ಮಶಾನಕ್ಕೆ ಹೋಗಬೇಕಾದರೆ ನೀವು ಯಾವ ಚರ್ಚಿನವರು ಎಂಬ ಪ್ರಶ್ನೆ ಬರುತ್ತದೆ. ಚಂದಾ ಕಟ್ಟಿದ ಕಾರ್ಡು, ಗುರುಗಳ ಪತ್ರ ಇದ್ದವರ ಕೆಲಸ ಸಲೀಸಾಗುತ್ತದೆ. ಎಲ್ಲೂ ಹೆಸರು ಬರೆಸದವರ ಮನೆಯವರು ಆ ಹೊತ್ತಿನಲ್ಲಿ ಫೋನು ಹಿಡಿದು ಅಲೆಯುತ್ತಾರೆ, ಕೊನೆಗೆ ಆಂಬುಲೆನ್ಸ್ ಹನೂರಿನ ದಾರಿ ಹಿಡಿಯುತ್ತದೆ. ಒಂದು ಚರ್ಚಿನ ಬಗ್ಗೆ ಬರೆಯುವ ಅಭಿಪ್ರಾಯದಲ್ಲಿ ಗಾಯನ ತಂಡಕ್ಕೆ ಒಂದು ಸಾಲು ಇದ್ದರೆ ಈ ವಿಷಯಕ್ಕೆ ಎರಡು ಸಾಲು ಇರಬೇಕು.

ಯಾರು ಎಲ್ಲಿ ಕೂರುತ್ತಾರೆ

ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಚಿನ್ನದುಂಗುರದವನಿಗೆ ಒಳ್ಳೆಯ ಜಾಗ ಕೊಟ್ಟು ಬಡವನಿಗೆ ಅತ್ತ ನಿಲ್ಲು ಎನ್ನುವವರನ್ನು ಲೇಖಕ ಕಟುವಾಗಿ ತರಾಟೆಗೆ ತೆಗೆದುಕೊಳ್ಳುತ್ತಾನೆ. ಆ ಬೆಂಚುಗಳು ಇನ್ನೂ ಇವೆ. ಭಾರತದ ಕಥೋಲಿಕ ಬಿಷಪರ ಸಮ್ಮೇಳನವೇ 2016ರ ಡಿಸೆಂಬರಿನಲ್ಲಿ ದಲಿತ ಸಬಲೀಕರಣದ ನೀತಿಯೊಂದನ್ನು ಹೊರತಂದು, ಚರ್ಚಿನೊಳಗೆ ಜಾತಿ ಭೇದ ನಡೆಯುತ್ತಿದೆ ಎಂದು ಒಪ್ಪಿಕೊಂಡಿತು. ಆದ್ದರಿಂದ ಇದನ್ನು ನೋಡುವುದು ಹುಳುಕು ಹುಡುಕುವುದಲ್ಲ. ಕಸ ಗುಡಿಸುವವರು ಯಾರು, ವಾಚನ ಓದುವವರು ಯಾರು, ಹಬ್ಬದ ತೇರಿಗೆ ಹೆಗಲು ಕೊಡುವವರು ಯಾರು, ಸಮಿತಿಯಲ್ಲಿ ಹೆಂಗಸರಿದ್ದಾರಾ, ಇದ್ದರೆ ಅವರು ಮಾತಾಡುತ್ತಾರಾ, ಎಲ್ಲ ಕೆಲಸವೂ ಅದೇ ಮೂರು ಮನೆತನಗಳ ಕೈಯಲ್ಲಿದೆಯಾ? ಮೂರು ವಾರ ಹೋದರೆ ಯಾರನ್ನೂ ಕೇಳದೆ ಕಣ್ಣಿಗೆ ಬೀಳುತ್ತದೆ.

ಉಪದೇಶದ ಉದ್ದದ ಬಗ್ಗೆ ಎಲ್ಲರೂ ದೂರುತ್ತಾರೆ. 2024ರ ಜೂನಿನಲ್ಲಿ ಪೋಪ್ ಫ್ರಾನ್ಸಿಸರು ಪ್ರಬೋಧನೆ ಎಂಟು ನಿಮಿಷ ಮೀರಬಾರದು, ಮೀರಿದರೆ ಜನ ನಿದ್ದೆ ಹೋಗುತ್ತಾರೆ ಎಂದಿದ್ದರು. ಆ ಸುದ್ದಿ ಎಲ್ಲ ಧರ್ಮಕೇಂದ್ರಗಳಿಗೂ ತಲುಪಿದ ಹಾಗೆ ಕಾಣುವುದಿಲ್ಲ. ಉದ್ದಕ್ಕಿಂತ ಹೇಳುವ ಮಾತಿನ ಮೇಲೆ ಕಿವಿ ಇಡಿ. ಬೇರೆ ಧರ್ಮದವರನ್ನು, ಬೇರೆ ಸಭೆಯವರನ್ನು ಬೈಯುವುದರಲ್ಲೇ ಹೊತ್ತು ಕಳೆಯುವ ಉಪದೇಶಕರು ನಿಮ್ಮನ್ನು ಇಂದಲ್ಲ ನಾಳೆ ನೆರೆಹೊರೆಯವರ ಜೊತೆ ಜಗಳಕ್ಕೆ ತಂದು ನಿಲ್ಲಿಸುತ್ತಾರೆ.

ಇನ್ನು ಗುಣಪಡಿಸುವ ಕೂಟಗಳು. ಪ್ರಾರ್ಥನೆ ಮಾಡಲಿ, ತಲೆಯ ಮೇಲೆ ಕೈ ಇಡಲಿ, ರೋಗಿಗೆ ಧೈರ್ಯ ಬರುತ್ತದೆ. "ಮಾತ್ರೆ ಬಿಡು" ಎಂಬ ಮಾತು ಬಂದ ದಿನ ಎದ್ದು ಬನ್ನಿ. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ. ಆದರೆ ತಿಂಗಳುಗಟ್ಟಲೆಯ ಆ ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಔಷಧಿಗೆ ಬಗ್ಗದ ಕ್ಷಯವಾಗಿ ತಿರುಗಬಹುದು. ಸಕ್ಕರೆ ಕಾಯಿಲೆಯ ಇನ್ಸುಲಿನ್, ಮೂರ್ಛೆಯ ಮಾತ್ರೆಗಳ ವಿಷಯವೂ ಅಷ್ಟೇ ಅಪಾಯದ್ದು. ಪವಾಡದಿಂದ ಇಂಥ ರೋಗ ವಾಸಿಮಾಡುತ್ತೇವೆ ಎಂದು ಪ್ರಚಾರ ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ತಡೆಯುತ್ತದೆ.

ಚೀಟಿ ಬರೆಯುವ ಬಗೆ

ಫೋನಿನ ನಕ್ಷೆಯಲ್ಲಿ ಚರ್ಚುಗಳಿಗೆ ಬಿದ್ದ ನಕ್ಷತ್ರಗಳನ್ನು ನಂಬಿ ಹೋಗಬೇಡಿ. ಮೈಸೂರಿನ ಸೇಂಟ್ ಫಿಲೋಮಿನಾಗೆ ಐದು ನಕ್ಷತ್ರ ಕೊಡುವ ಪ್ರವಾಸಿ ಗೋಪುರಕ್ಕೆ ಕೊಟ್ಟಿರುತ್ತಾನೆ. ಅಲ್ಲಿ ಮುಂಜಾನೆಯ ಪೂಜೆಗೆ ಕೂತವನೇ ಅಲ್ಲ ಅವನು.

ನಮಗೆ ಬೇಕಾದ್ದು ನಮ್ಮ ಕಡೆಯವರೇ ಬರೆದ ಚೀಟಿ. ಹೆಸರು ಏಕೆ ಬೇಡ? ಕರ್ನಾಟಕದಲ್ಲಿ ಕ್ರೈಸ್ತರು 2011ರ ಜನಗಣತಿಯಂತೆ ನೂರಕ್ಕೆ 1.87 ಮಾತ್ರ. ಹನೂರು ಕಡೆಯವರು ಎಂದರೆ ಇನ್ನೂ ಚಿಕ್ಕ ಬಳಗ, ಎಲ್ಲರೂ ಎಲ್ಲರಿಗೂ ನೆಂಟರು. ಹೆಸರು ಹಾಕಿ "ಅಲ್ಲಿ ಲೆಕ್ಕ ಸರಿಯಿಲ್ಲ" ಎಂದು ಬರೆದ ಹುಡುಗನ ತಂಗಿಯ ಮದುವೆಯ ಪತ್ರಕ್ಕೆ ಅದೇ ಕಚೇರಿಯಲ್ಲಿ ಸಹಿ ಬೀಳಬೇಕು. ದುರ್ಬಲರು ನಿಜ ಹೇಳಬೇಕಾದರೆ ಹೆಸರಿಗೆ ಮರೆ ಬೇಕು. ಆದರೆ ಪೂರ್ತಿ ಮರೆಯೂ ಕೆಟ್ಟದ್ದೇ. ಯಾರು ಬರೆದದ್ದು ಎಂದು ಯಾರಿಗೂ ಗೊತ್ತಿಲ್ಲದಿದ್ದರೆ ಸಮಿತಿ ಚುನಾವಣೆಯಲ್ಲಿ ಸೋತವನೂ ಹೊಟ್ಟೆಕಿಚ್ಚು ಕಾರಿಕೊಳ್ಳುತ್ತಾನೆ. ಸರಿಯಾದ ದಾರಿ ನಡುವೆ ಇದೆ: ಊರಿನ ಬಳಗದಲ್ಲಿ ಎಲ್ಲರೂ ನಂಬುವ ಒಬ್ಬರು, ನಿವೃತ್ತ ಮೇಷ್ಟ್ರೋ ನರ್ಸಮ್ಮನೋ, ಚೀಟಿಗಳನ್ನು ಇಟ್ಟುಕೊಳ್ಳಲಿ. ಬರೆದವರು ಯಾರು ಎಂಬುದು ಅವರಿಗೆ ಮಾತ್ರ ಗೊತ್ತಿರಲಿ, ಓದುವವರಿಗೆ ಬೇಡ. ಒಂದೇ ಚರ್ಚಿನ ಬಗ್ಗೆ ಮೂರು ಬೇರೆ ಬೇರೆ ಮನೆಯವರ ಚೀಟಿ ಸೇರುವವರೆಗೆ ಯಾರಿಗೂ ತೋರಿಸದಿರಲಿ. "ಕಳೆದ ವಾರ ಬಂದ ಹೊಸ ಹುಡುಗಿ" ಎಂದು ಬರೆದವರನ್ನು ಗುರುತು ಹಿಡಿಯುವುದೂ ಇದರಿಂದ ತಪ್ಪುತ್ತದೆ. ವರ್ಷ ಕಳೆದ ಚೀಟಿಯನ್ನು ಹರಿದು ಹಾಕಬೇಕು. ಗುರುಗಳು ವರ್ಗವಾಗುತ್ತಾರೆ, ಪೂಜೆಯ ಹೊತ್ತು ಬದಲಾಗುತ್ತದೆ, ಹಳೆಯ ದೂರನ್ನು ಹೊಸ ಗುರುಗಳ ತಲೆಗೆ ಕಟ್ಟುವುದು ಅನ್ಯಾಯ.

ಬರಹದ ಮಾದರಿಗೆ ಇದೊಂದು, ನಾನೇ ಕಟ್ಟಿದ್ದು: "ಮಾರ್ಚ್ ತಿಂಗಳಲ್ಲಿ ಮೂರು ಭಾನುವಾರ ಹೋಗಿದ್ದೆ. ಬೋರ್ಡಿನಲ್ಲಿ ಕನ್ನಡ ಪೂಜೆ 6.30 ಅಂತಿದೆ, ಶುರುವಾಗುವುದು 7ಕ್ಕೆ. ಬಸ್ ಸ್ಟಾಪಿನಿಂದ ಹತ್ತು ನಿಮಿಷದ ನಡಿಗೆ, ದಾರಿಯಲ್ಲಿ ನಾಯಿಕಾಟ. ಮೊದಲೆರಡು ವಾರ ಯಾರೂ ಮಾತಾಡಿಸಲಿಲ್ಲ, ಮೂರನೇ ವಾರ ಒಬ್ಬ ಅಮ್ಮ ಮನೆಗೆ ಕರೆದರು. ಲೆಕ್ಕದ ಹಾಳೆ ನೋಟಿಸ್ ಬೋರ್ಡಿನಲ್ಲಿದೆ, ಜನವರಿಯದ್ದು. ಮಕ್ಕಳ ಧರ್ಮೋಪದೇಶ ಇಂಗ್ಲಿಷಿನಲ್ಲಿ ಮಾತ್ರ. ವ್ಹೀಲ್ ಚೇರ್ ಹತ್ತಿಸಲು ದಾರಿ ಇಲ್ಲ. ಗುರುಗಳ ಮಾತು ಕೇಳಿಸುತ್ತದೆ, ಹಾಡು ಕೇಳಿಸುವುದಿಲ್ಲ, ಡ್ರಮ್ಸ್ ಜಾಸ್ತಿ. ಸಣ್ಣ ಮಕ್ಕಳಿದ್ದವರಿಗೆ ಆಗಬಹುದು, ವಯಸ್ಸಾದವರಿಗೆ ಕಷ್ಟ." ಇದರಲ್ಲಿ ಯಾರ ಹೆಸರೂ ಇಲ್ಲ, ಯಾರ ಭಕ್ತಿಯನ್ನೂ ಅಳೆದಿಲ್ಲ. ಎಲ್ಲವನ್ನೂ ಓದಿದವರು ಹೋಗಿ ಪರೀಕ್ಷಿಸಬಹುದು. "ಅಲ್ಲಿ ಪವಿತ್ರಾತ್ಮ ಇಲ್ಲ" ಎಂಬ ಚೀಟಿ ಬಂದರೆ ಇಟ್ಟುಕೊಳ್ಳುವವರು ಒಲೆಗೆ ಹಾಕಲಿ. ಅದನ್ನು ಹೇಳುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ.

ಓದುವಾಗಲೂ ಒಂದು ಎಚ್ಚರ. ಬರೀ ಹೊಗಳಿಕೆಯ ಚೀಟಿಗಳು ಒಂದೇ ಧಾಟಿಯಲ್ಲಿದ್ದರೆ ಸಭೆಯವರೇ ಬರೆಸಿರಬಹುದು. ಬರೀ ಬೈಗುಳವಾದರೆ ಬರೆದವರು ಅಲ್ಲಿಂದ ಯಾವಾಗ, ಏಕೆ ಬಿಟ್ಟರು ಎಂದು ಚೀಟಿ ಇಟ್ಟುಕೊಂಡವರನ್ನು ಕೇಳಿ. ಮೂರು ಚೀಟಿಯಲ್ಲೂ ಒಂದೇ ತಕರಾರು ಬಂದರೆ ಆ ತಕರಾರು ನಿಜವೆಂದು ಹಿಡಿಯಬಹುದು.

ಚೀಟಿಯಲ್ಲಿ ಬರೆಯಬಾರದ್ದು

ಯಾರೋ ಹಣ ತಿಂದರು, ಯಾರಿಗೋ ಯಾರ ಜೊತೆಗೋ ಸಂಬಂಧವಿದೆ ಎಂದು ಹೆಸರಿಲ್ಲದ ಚೀಟಿಯಲ್ಲಿ ಬರೆಯಕೂಡದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಂ ಮಾನನಷ್ಟಕ್ಕೆ ಎರಡು ವರ್ಷದವರೆಗೆ ಸಾದಾ ಸೆರೆ ಹೇಳುತ್ತದೆ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯಕ್ಕೆ, ಕೇಳುವವರ ಒಳಿತಿಗಾಗಿ ಸದುದ್ದೇಶದಿಂದ ಕೊಟ್ಟ ಎಚ್ಚರಿಕೆಗೆ ಅದೇ ಕಲಂನಲ್ಲಿ ವಿನಾಯಿತಿ ಇದೆ. ಆದರೆ ಸದುದ್ದೇಶ ಎಂದು ಸಾಬೀತು ಮಾಡಬೇಕಾದವರು ನೀವು. ಕಂಡದ್ದನ್ನು ಮಾತ್ರ ಬರೆದವರಿಗೆ ಈ ಚಿಂತೆ ಕಡಿಮೆ. ಹಣದ ಬಗ್ಗೆ ಗಟ್ಟಿ ಅನುಮಾನವಿದ್ದರೆ ಹೆಸರು ಹಾಕಿ ಧರ್ಮಾಧ್ಯಕ್ಷರಿಗೆ ಅಥವಾ ಡಯಾಸಿಸ್ ಕಚೇರಿಗೆ ಬರೆಯಿರಿ. ಕಥೋಲಿಕರಿಗೆ ತಮ್ಮ ಅಭಿಪ್ರಾಯವನ್ನು ಗುರುಗಳಿಗೆ ತಿಳಿಸುವ ಹಕ್ಕಿದೆ ಎಂದು 212ನೆಯ ನಿಯಮವೇ ಹೇಳುತ್ತದೆ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದರೆ ಅಭಿಪ್ರಾಯ, ಚೀಟಿ, ಬಳಗ ಇವೆಲ್ಲ ಪಕ್ಕಕ್ಕೆ. 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಂ ಪ್ರಕಾರ ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು, ಸುಮ್ಮನಿದ್ದರೆ ಅದೇ ಅಪರಾಧ. ಮಗುವಿನ ಗುರುತು ಎಲ್ಲೂ ಬಯಲಾಗಬಾರದು, ಆದ್ದರಿಂದಲೇ ಇದನ್ನು ಚೀಟಿಯಲ್ಲಿ ಸುಳಿವಾಗಿಯೂ ಬರೆಯಬಾರದು. ಕಥೋಲಿಕ ಧರ್ಮಸಭೆಯೊಳಗೂ 2019ರಿಂದ ಇಂಥ ದೂರುಗಳನ್ನು ಸ್ವೀಕರಿಸುವ ವ್ಯವಸ್ಥೆ ಇರಬೇಕೆಂಬ ಪೋಪರ ಆದೇಶವಿದೆ. ಆದರೆ ಒಳಗಿನ ದೂರು ಪೊಲೀಸ್ ದೂರಿಗೆ ಬದಲಿಯಾಗುವುದಿಲ್ಲ. ಮಕ್ಕಳಿಗೆ 1098, ಹೆಂಗಸರಿಗೆ 181, ತುರ್ತಿಗೆ 112.

ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ತಿರುಪ್ಪೂರಿನಲ್ಲಿ ಈಗಾಗಲೇ ನೆಲೆಸಿರುವ ಅಜ್ಜೀಪುರ ಕಡೆಯವರಲ್ಲಿ ಒಂದು ಕೋರಿಕೆ. ನೀವು ಹೋಗುವ ಚರ್ಚಿನ ಬಗ್ಗೆ ಅರ್ಧ ಪುಟ ಬರೆದುಕೊಡಿ. ಪೂಜೆಯ ಹೊತ್ತು, ಭಾಷೆ, ಬಸ್ಸು, ಲೆಕ್ಕ, ಮಣ್ಣಿನ ಜಾಗ, ಮಾತಾಡಿಸುವ ಜನ, ಇಷ್ಟಿದ್ದರೆ ಸಾಕು. ಹೆಸರು ಬೇಡ, ತಾರೀಕು ಮರೆಯಬೇಡಿ. ಹಬ್ಬಕ್ಕೆ ಊರಿಗೆ ಬಂದಾಗ ಚೀಟಿ ಇಟ್ಟುಕೊಳ್ಳುವವರ ಕೈಗೆ ಕೊಟ್ಟು ಹೋಗಿ.